ಕಮಲಾಪುರದ ಉಳಿಕೆ ನೀರಡಿಕೆ

ನೀರಡಿಕೆಯು ಒಂದು ನೈಸರ್ಗಿಕ ಸಂಪನ್ಮೂಲವಾಗಿದ್ದು, ಅದನ್ನು ಮುಂದಿನ ಪೀಳಿಗೆಗೂ ಉಳಿಯುವಂತೆ ಜೋಪಾನವಾಗಿ ನಿರ್ವಹಿಸತಕ್ಕದ್ದೆಂದು ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ದಾಹಮುಕ್ತಿ ಸಾಮಾಜಿಕ ಉದ್ಯಮ ಸಂಸ್ಥೆಯು ತನ್ನ ಮೊದಲ ಸಭೆಯಲ್ಲಿಯೇ ಸರ್ವಾನುಮತದಿಂದ ತೀರ್ಮಾನಿಸಿತು. ಸಭೆಗೆ ಹಾಜರಿದ್ದವರು ಸಂಸ್ಥೆಯ ನಿರ್ದೇಶಕ ಜಗದೇವಪ್ಪ, ಅವರ ಹೆಂಡತಿ ಮತ್ತು ಹೆಂಡತಿಯ ತಮ್ಮ. ಹೀಗಾಗಿ ಸರ್ವಾನುಮತಕ್ಕೆ ಅಂಥ ತ್ರಾಸೇನೂ ಆಗಲಿಲ್ಲ.

ಜಗದೇವಪ್ಪನವರು ಮೊದಲು ಜಗತ್ ಸರ್ಕಲ್ಲಿನ ಹತ್ತಿರ ಕೂಲರ್ ಮಾರುತ್ತಿದ್ದರು. ಕಲಬುರಗಿಯ ಉಳ್ಳವರೆಲ್ಲ ಒಬ್ಬರ ಹಿಂದೊಬ್ಬರು ಎಸಿ ಹಾಕಿಸಿಕೊಂಡು ಕೂಲರ್ ಕೇಳುವವರೇ ಇಲ್ಲದಂತಾದಾಗ ಅವರಿಗೆ ಸಮಾಜದ ಬಗ್ಗೆ ಕಳಕಳಿ ಹುಟ್ಟಿತು. ಉಳಿದುಹೋದ ಕೂಲರುಗಳನ್ನು ತುಕಡಿ ಲೆಕ್ಕದಲ್ಲಿ ಗುಜರಿಯ ಮೋಡಕಾದವನಿಗೆ ಹಾಕಿ, ಅಂಗಡಿಯ ಬೋರ್ಡಿಗೆ ಬಿಳಿ ಬಣ್ಣ ಹೊಡೆಸಿ, ಅದೇ ಬೋರ್ಡಿನ ಮೇಲೆ ಸಂಸ್ಥೆಯ ಹೆಸರು ಬರೆಸಿದರು. ಬೋರ್ಡನ್ನು ಮರುಬಳಕೆ ಮಾಡಿದ್ದೇ ಸಂಸ್ಥೆಯ ಮೊದಲ ಸುಸ್ಥಿರ ಅಭಿವೃದ್ಧಿ ಕಾರ್ಯವೆಂದು ವಾರ್ಷಿಕ ವರದಿಯಲ್ಲಿ ದಾಖಲಾಗಿದೆ.

ಈ ಸಂಸ್ಥೆಯಲ್ಲಿ ಅಮೋಘಪ್ಪ ಹಂಗಾಮಿ ಕ್ಷೇತ್ರಾಧಿಕಾರಿಯಾಗಿದ್ದ. ಹುಡುಗ ಕಮಲಾಪುರದವನು, ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವನು, ಸ್ವಭಾವದಿಂದ ಮೆತ್ತಗಿನವನು. ಅವನ ಅವ್ವ ಅಪ್ಪ ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋದಾಗಿನಿಂದ ಅವನನ್ನು ಎತ್ತಿ ಆಡಿಸಿ, ಉಣಿಸಿ, ಬೈದು, ಓದಿಸಿದವಳು ದೊಡ್ಡವ್ವ ಬಂಡಮ್ಮ. ಈಗ ಅವನ ಜೀವಕ್ಕಿದ್ದ ಕೊರಗು ಒಂದೇ, ಹಂಗಾಮಿ ಅನ್ನುವುದು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಹೆಣ್ಣಿನ ಕಡೆಯವರು ಉಪ್ಪಿಟ್ಟು ಕೊಡುವ ಮೊದಲೇ "ಖಾಯಂ ಅದಾನೇನ್ರೀ?" ಎಂದು ಕೇಳುತ್ತಿದ್ದರು. ಇಲ್ಲ ಅಂದ ಮೇಲೂ ಉಪ್ಪಿಟ್ಟು ಬರುತ್ತಿತ್ತು, ಹುಡುಗಿ ಮಾತ್ರ ಹೊರಗೆ ಬರುತ್ತಿರಲಿಲ್ಲ.

ಕಮಲಾಪುರದ ಯೋಜನೆ ಒಂದು ಕೈಗೂಡಿತೆಂದರೆ ಖಾಯಂ ಮಾಡುವುದಾಗಿ ಜಗದೇವಪ್ಪನವರು ಮಾತು ಕೊಟ್ಟರು. ಮುಂಬೈಯ ದಾನಿಗಳು ಹಣದ ಗಂಟು ಹಿಡಿದುಕೊಂಡು ಕೂತಿದ್ದಾರೆ, ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀರಡಿಕೆ ಎಷ್ಟಿದೆಯೆಂದು ಅಳೆದುಕೊಂಡು ಬಂದರೆ ಸಾಕು, ಗಂಟು ಬಿಚ್ಚುತ್ತಾರೆ ಎಂದರು. ಅಳೆಯುವುದಕ್ಕೆ ಒಂದು ಕಾರ್ಡನ್ನೂ ಕೊಟ್ಟರು. ಅದರಲ್ಲಿ ತಿಳಿಗುಲಾಬಿಯಿಂದ ಹಿಡಿದು ಬೂದಿಬಣ್ಣದವರೆಗೆ ಪಟ್ಟಿಗಳಿದ್ದವು. ಮನುಷ್ಯನ ನಾಲಿಗೆ ಹೊರಗೆ ತೆಗೆಸಿ ಪಕ್ಕದಲ್ಲಿ ಕಾರ್ಡು ಹಿಡಿದರೆ ನೀರಡಿಕೆಯ ಮಟ್ಟ ಗೊತ್ತಾಗುತ್ತದೆ. ಕಾರ್ಡಿನ ಹಿಂದೆ ಗೋಡೆಗೆ ಬಳಿಯುವ ಬಣ್ಣದ ಕಂಪನಿಯ ಹೆಸರಿತ್ತು, ಅದರ ಮೇಲೆ ಸಂಸ್ಥೆಯ ಸ್ಟಿಕರ್ ಅಂಟಿಸಲಾಗಿತ್ತು.

ಏಪ್ರಿಲ್ ತಿಂಗಳು. ಕಮಲಾಪುರದ ಬಿಸಿಲು ಹಂಚಿನ ಹಾಗೆ ಕಾದಿತ್ತು. ಅಮೋಘಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಬೀದರ ಕಡೆಯಿಂದ ಬಂದವರು, ಕಲಬುರಗಿಗೆ ಹೊರಟವರು, ಸುಮ್ಮನೆ ನೆರಳಿಗೆ ಬಂದು ಕೂತವರು, ಎಲ್ಲರ ನಾಲಿಗೆಯನ್ನೂ ನೋಡಿದ. ಎಲ್ಲವೂ ತಿಳಿಗುಲಾಬಿ. "ನೀರಡಿಕಿ ಆಗ್ಯದೇನ್ರೀ?" ಎಂದರೆ, "ಇಲ್ಲ್ರಿ, ಈಗ ಬಂಡವ್ವನ ಗಡಿಗ್ಯಾಗಿನ ನೀರ್ ಕುಡದ ಬಂದೀನಿ" ಅನ್ನುತ್ತಿದ್ದರು. ಮಂದಿಗೆ ಏನಾಗಿದೆ, ಒಬ್ಬನಾದರೂ ನೀರಡಿಸಿಕೊಂಡು ಬರಬಾರದೇ ಎಂದು ಅವನಿಗೆ ಒಳಗೇ ಸಿಟ್ಟು ಬಂತು.

ಮಂದಿಯದೇನೂ ತಪ್ಪಿರಲಿಲ್ಲ. ಬಸ್‌ಸ್ಟ್ಯಾಂಡಿನ ಬಾಜೂಕಿನ ಬೇವಿನ ಗಿಡದ ಬುಡದಲ್ಲಿ ಬಂಡಮ್ಮ ಯುಗಾದಿಯಿಂದ ಜೂನ್ ತಿಂಗಳ ಮಿರಗದ ಮಳೆಯವರೆಗೆ ಅರವಟಿಗೆ ಇಡುತ್ತಿದ್ದಳು. ಮಣ್ಣಿನ ಹರವಿಗಳು, ಅವುಗಳ ಸುತ್ತ ಹಸಿ ಅರಿವೆ, ಮೇಲೊಂದು ತಾಟು, ತಾಟಿನ ಮೇಲೊಂದು ತಂಬಿಗೆ. ತನ್ನ ಹಿತ್ತಲ ಬಾವಿಯಿಂದ ತಾನೇ ಸೇದಿ ತಂದು ತುಂಬುತ್ತಿದ್ದಳು. ಬಂದವರು ಕುಡಿಯುತ್ತಿದ್ದರು, ಹೋಗುತ್ತಿದ್ದರು. ಇದರಲ್ಲಿ ಆದಾಯದ ಮೂಲವಾಗಲಿ, ಫಲಾನುಭವಿಗಳ ಹಾಜರಿಯಾಗಲಿ, ಫೋಟೊವಾಗಲಿ ಏನೂ ಇರಲಿಲ್ಲ.

ಅಮೋಘಪ್ಪ ಸೇಡಂ ರಸ್ತೆಗೆ ಮರಳಿ, ಅರವಟಿಗೆ ಇಡುವ ಒಬ್ಬ ಮುದುಕಿಯಿಂದಾಗಿ ಕಮಲಾಪುರದಲ್ಲಿ ನೀರಡಿಕೆಯ ತೀವ್ರ ಅಭಾವವಿದೆ ಎಂದು ವರದಿ ಒಪ್ಪಿಸಿದ. ಜಗದೇವಪ್ಪನವರು ಅದನ್ನು ಓದಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಅಮೋಘಪ್ಪ, ಈ ಮುದುಕಿ ಎಷ್ಟ್ ವರ್ಷದಿಂದ ಹಿಂಗ ಮಾಡಾಕತ್ತಾಳ?"

"ಭಾಳ ವರ್ಷ ಆತ್ರಿ ಸರ್. ಅಕಿ ಅತ್ತಿನೂ ಇಡ್ತಿದ್ದಳಂತ."

"ಅಂದ್ರ ಎರಡ ತಲೆಮಾರಿನಿಂದ ಅಲ್ಲಿ ಸಮಸ್ಯೆ ಬೆಳ್ಯಾಕ ಬಿಟ್ಟಿಲ್ಲ."

"ಬಿಟ್ಟಿಲ್ರಿ."

"ಇದಕ್ಕ ಅನಧಿಕೃತ ಪರಿಹಾರ ಅಂತಾರ," ಎಂದರು ನಿರ್ದೇಶಕರು. ಅವರ ಮುಖದಲ್ಲಿ ನಿಜವಾದ ನೋವಿತ್ತು. "ಪುಕ್ಕಟೆ ನೀರು ಸುಸ್ಥಿರ ಅಲ್ಲಪಾ. ನಾಳೆ ಅಕಿ ಕಾಲು ನೋವು ಅಂತ ಮಲಗಿದ್ರ ಊರ ಗತಿ ಏನು? ನಮ್ಮ ಹಂಗ ಒಂದು ಸಂಸ್ಥೆ ಇದ್ರ, ನೀರು ಇರಲಿ ಬಿಡಲಿ, ಸಂಸ್ಥೆ ಅಂತೂ ಉಳೀತದ. ಹೋಗು, ಅಕಿಗೆ ತಿಳಿಸಿ ಹೇಳು. ಯೋಜನಾ ಶುರು ಆಗೋ ಮೊದಲಿನ ಬೇಸ್‌ಲೈನ್ ಸಮೀಕ್ಷೆ ಮುಗಿಯೋತನ ಗಡಿಗಿ ಬೋರಲ ಹಾಕ್ಲಿ."

ಆ ಮುದುಕಿ ತನ್ನ ದೊಡ್ಡವ್ವ ಎಂದು ಹೇಳಲು ಅಮೋಘಪ್ಪನಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಸಂಬಂಧಿಕಳಾದ್ದರಿಂದ ಕೆಲಸ ಇನ್ನಷ್ಟು ಸಲೀಸೆಂದು ಅವರು ಸಂತೋಷಪಡುತ್ತಿದ್ದರು ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಮರುದಿನ ಅವನು ಗಿಡದ ಬುಡಕ್ಕೆ ಹೋದಾಗ ಬಂಡಮ್ಮ ಹರವಿಗೆ ಅರಿವೆ ಸುತ್ತುತ್ತಿದ್ದಳು. ಪಕ್ಕದಲ್ಲಿ ಹಣ್ಣು ಮಾರುವ ಮೆಹಬೂಬಿ ತನ್ನ ಬುಟ್ಟಿಯ ಕೆಂಪು ಬಾಳೆಹಣ್ಣುಗಳನ್ನು ಬಿಸಿಲು ಬಂದ ಕಡೆಯಿಂದ ಸರಿಸಿ ಇಟ್ಟುಕೊಳ್ಳುತ್ತಿದ್ದಳು. ಇಬ್ಬರೂ ಅದೇ ಗಿಡದ ನೆರಳಿನಲ್ಲಿ ತಲೆ ಹಣ್ಣು ಮಾಡಿಕೊಂಡವರು.

"ದೊಡ್ಡವ್ವಾ, ಈ ಗಡಿಗಿ ನಾಕ ದಿನ ಬೋರಲ ಹಾಕಬೇಕಾಗ್ಯದ."

"ಯಾಕೋ, ತೂತು ಬಿದ್ದಾವೇನು?"

"ತೂತೇನಿಲ್ಲ. ಮಂದಿಗಿ ನೀರಡಿಕಿ ಆಗಬೇಕಾಗ್ಯದ."

"ಅದು ತಾನ ಆಗ್ತದ. ಅದಕ್ಕ ನೀ ಕಲಬುರಗಿಯಿಂದ ಬರಬೇಕೇನು?"

"ಆಗ್ತದ ಖರೇ, ನೀ ಇರಾಕ ಬಿಡಂಗಿಲ್ಲಲ್ಲ."

ಮೆಹಬೂಬಿ ಹಣ್ಣು ಸರಿಸುವುದನ್ನು ನಿಲ್ಲಿಸಿದಳು. "ಅಲ್ಲೋ ಅಮೋಘಾ, ನೀರಡಿಕಿ ಕಳ್ಯಾಕ ಮೊದ್ಲ ನೀರಡಿಕಿ ಹಚ್ಚಬೇಕಂತೀ?"

"ಹೌದ್ರಿ ಖಾಲಾ. ಅದಕ್ಕ ಬೇಸ್‌ಲೈನ್ ಅಂತಾರ."

"ನಾಮ್ ತೋ ಅಚ್ಛಾ ಹೈ, ಹೆಸರು ಛಲೋ ಅದ," ಎಂದಳು ಮೆಹಬೂಬಿ, ಮತ್ತೆ ಹಣ್ಣಿನ ಕಡೆ ತಿರುಗಿ.

ಬಂಡಮ್ಮ ಅಷ್ಟು ಸಸಾರಕ್ಕೆ ಬಗ್ಗುವವಳಲ್ಲ. "ಯುಗಾದಿಗಿ ಇಟ್ಟದ್ದು ಮಿರಗ ಬೀಳೋತನ ತೆಗ್ಯಾಂಗಿಲ್ಲ. ನಡುವ ಬೋರಲ ಹಾಕಿದ್ರ ಮಂದಿ ಏನಂತಾರ ನನಗ?"

"ನೀರಡಿಕಿ ಆಗ್ಯದ ಅಂತಾರ. ಅದನ್ನ ನಾ ಬರಕೋತೀನಿ."

"ಥೂ ನಿನ. ಓದಿಸಿದ್ದು ಇದಕ್ಕೇನು?"

ಅಮೋಘಪ್ಪನ ಬಳಿ ನಿಯಮಾವಳಿ ಇತ್ತು, ಕಾರ್ಡಿತ್ತು, ಸುಸ್ಥಿರ ಅಭಿವೃದ್ಧಿಯ ಗುರಿಗಳನ್ನು ಬಣ್ಣಬಣ್ಣದ ಚೌಕಗಳಲ್ಲಿ ಅಚ್ಚು ಹಾಕಿಸಿದ ಚೀಲವೂ ಇತ್ತು. ಯಾವುದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಕಡೆಗೆ ಅವನು ನೆಲ ನೋಡುತ್ತ, "ಈ ಯೋಜನಾ ಕೈಗೂಡಿದ್ರ ನನಗ ಖಾಯಂ ಮಾಡ್ತಾರ, ದೊಡ್ಡವ್ವಾ" ಎಂದ.

ಬಂಡಮ್ಮ ಸುತ್ತಿದ್ದ ಅರಿವೆ ಬಿಚ್ಚಿದಳು. ಹರವಿಯಲ್ಲಿದ್ದ ನೀರನ್ನು ಗಿಡದ ಬುಡಕ್ಕೆ ಹಾಕಿದಳು. ಒಂದೊಂದಾಗಿ ಎಲ್ಲವನ್ನೂ ಬೋರಲು ಹಾಕಿ, ತಂಬಿಗೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಮನೆಗೆ ಹೋದಳು.

ಸಂಜೆಯ ಹೊತ್ತಿಗೆ ಆಟೋಗೆ ಮೈಕು ಕಟ್ಟಿ ಊರಲ್ಲೆಲ್ಲ ಈ ಪ್ರಕಟಣೆ ಮಾಡಲಾಯಿತು:

"ಸಾರ್ವಜನಿಕರಲ್ಲಿ ವಿನಂತಿ. ಕಮಲಾಪುರವನ್ನು ನೀರಡಿಕೆಮುಕ್ತ ಪಟ್ಟಣವನ್ನಾಗಿ ಮಾಡುವ ಸಲುವಾಗಿ, ಸಮೀಕ್ಷೆ ಮುಗಿಯುವವರೆಗೆ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಯಾರೂ ನೀರು ಕುಡಿಯತಕ್ಕದ್ದಲ್ಲ. ಮನೆಯಲ್ಲಿ ಕುಡಿದು ಬಂದವರು ಸಮೀಕ್ಷೆಗೆ ನಾಲಿಗೆ ಒಡ್ಡತಕ್ಕದ್ದಲ್ಲ. ಕದ್ದು ಕುಡಿಯುವುದು ಕಂಡುಬಂದಲ್ಲಿ ಅಂಥವರ ಹೆಸರನ್ನು ಫಲಾನುಭವಿಗಳ ಪಟ್ಟಿಯಿಂದ ಕೈಬಿಡಲಾಗುವುದು."

ಯಾವ ಫಲವೆಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದ ಮೇಲೆ ಯಾರು ತಾನೇ ಸುಮ್ಮನಿದ್ದಾರು. ಹಿಂದೊಮ್ಮೆ ಹೊಲಿಗೆ ಯಂತ್ರದ ಪಟ್ಟಿಯಿಂದ ಹೆಸರು ಬಿಟ್ಟುಹೋದವರು ಈ ಸಲ ಮುಂಜಾನೆಯೇ ಬಂದು, ಬಾಯಿ ಒಣಗಿಸಿಕೊಂಡು, ಸಾಲಿನಲ್ಲಿ ನಿಂತರು. ಹೊಟೇಲಿನವನು ಗಿರಾಕಿಗಳಿಗೆ ಚಹಾದ ಜೊತೆ ನೀರು ಕೊಡುವುದನ್ನು ತಾನಾಗಿಯೇ ನಿಲ್ಲಿಸಿ ಸಹಕರಿಸಿದ. ನಾಲಿಗೆಗಳು ಬೂದಿಬಣ್ಣಕ್ಕೆ ತಿರುಗಿದವು. ಅಮೋಘಪ್ಪನ ಪೆನ್ನು ಓಡತೊಡಗಿತು.

ಕ್ರೂಸರ್ ಓಡಿಸುವ ವಹಾಬ್ ಕಲಬುರಗಿಯಿಂದ ಮಂದಿಯನ್ನು ತುಂಬಿಕೊಂಡು ಬಂದು, ಎಂದಿನಂತೆ ಗಿಡದ ಕಡೆ ಓಡಿ, ಬೋರಲು ಬಿದ್ದ ಹರವಿಗಳನ್ನು ನೋಡಿ ನಿಂತುಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು ಕೂತ, ಕೂತವನು ಹಾಗೇ ಮಗ್ಗುಲಿಗೆ ಒರಗಿದ.

"ಭಾಯ್, ಥೋಡಾ ಪಾನಿ," ಎಂದ ಅಮೋಘಪ್ಪನಿಗೆ.

ಅಮೋಘಪ್ಪನ ಚೀಲದಲ್ಲಿ ತಣ್ಣನೆಯ ಬಾಟಲಿ ಇತ್ತು. ಆದರೆ ಸಮೀಕ್ಷಕನು ಸಮೀಕ್ಷೆಗೊಳಪಟ್ಟವನ ಸ್ಥಿತಿಯನ್ನು ಬದಲಿಸತಕ್ಕದ್ದಲ್ಲ ಎಂಬ ನಿಯಮವೂ ಅದೇ ಚೀಲದಲ್ಲಿತ್ತು. ಅವನು ನಾಚಿಕೆಯಿಂದ ಮುಖ ತಗ್ಗಿಸಿ ಕಾರ್ಡು ಹೊರಗೆ ತೆಗೆದ. "ಮೊದ್ಲ ನಾಲಿಗಿ ತೋರಸ್ರಿ ವಹಾಬ್‌ಭಾಯ್, ಅಂದ್ರ ಲಗೂನ ಮುಗೀತದ" ಎಂದ. ಕಾರ್ಡಿನ ಕೊನೆಯ ಪಟ್ಟಿಗಿಂತಲೂ ಆ ನಾಲಿಗೆ ಕಪ್ಪಾಗಿತ್ತು.

ಮೆಹಬೂಬಿ ಎದ್ದು ಬಂದು ಒಂದು ಹಣ್ಣು ಸುಲಿದು ವಹಾಬನ ಬಾಯಿಗೆ ಇಟ್ಟಳು. "ಇದು ನೀರಲ್ಲ, ಹಣ್ಣು. ಬರಕೋ ನಿನ ನಿಯಮದಾಗ" ಎಂದಳು ಅಮೋಘಪ್ಪನನ್ನು ನೋಡದೆ. ನಿಯಮಾವಳಿಯಲ್ಲಿ ಹಣ್ಣಿನ ಪ್ರಸ್ತಾಪವಿಲ್ಲದ ಕಾರಣ ಅವನು ಆಕ್ಷೇಪಿಸಲಿಲ್ಲ. ವಹಾಬ್ ಸುಧಾರಿಸಿಕೊಂಡು ಗಾಡಿಯಲ್ಲಿ ಹೋಗಿ ಕೂತ.

ಆ ದಿನದ ದತ್ತಾಂಶ ಅತ್ಯುತ್ತಮವಾಗಿದೆಯೆಂದು ಮುಂಬೈಯಿಂದ ಮೆಚ್ಚುಗೆ ಬಂತು. ಹಿಂದೆಯೇ ಹಣವೂ ಬಂತು.

ಬೇವಿನ ಗಿಡದ ಬುಡದಲ್ಲಿ ಸ್ಟೀಲಿನ ದಾಹಮುಕ್ತಿ ಕೇಂದ್ರ ಎದ್ದಿತು. ಮೇಲೆ ಸೌರಫಲಕ ಕೂರಿಸಬೇಕಾಗಿದ್ದರಿಂದ, ಮತ್ತು ಸೌರಫಲಕಕ್ಕೆ ಬಿಸಿಲು ಬೇಕಾಗಿದ್ದರಿಂದ, ಗಿಡದ ಟೊಂಗೆಗಳನ್ನು ಕಡಿಯಲಾಯಿತು. ಪರಿಸರದ ಸಲುವಾಗಿ ಎಂದು ಬೋರ್ಡು ಹಾಕಿದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಬಂಡಮ್ಮನ ಹರವಿಗಳನ್ನು ಸ್ಥಳೀಯ ಪರಂಪರೆಯೆಂದು ಗುರುತಿಸಿ, ಬಣ್ಣ ಬಳಿದು, ಯಾರೂ ಒಯ್ಯಬಾರದೆಂದು ತಳಕ್ಕೆ ತೂತು ಕೊರೆದು, ಸಿಮೆಂಟ್ ಕಟ್ಟೆಗೆ ಬೋಲ್ಟು ಹಾಕಿ ಬಿಗಿಯಲಾಯಿತು. ಪುಕ್ಕಟೆ ಕೊಟ್ಟರೆ ಕುಡಿಯುವವರ ಸ್ವಾಭಿಮಾನಕ್ಕೆ ಧಕ್ಕೆಯಾಗುತ್ತದೆಯೆಂದು ನೀರಿಗೆ ಅಲ್ಪ ಶುಲ್ಕ ಇಡಲಾಯಿತು. ಹೆಬ್ಬೆಟ್ಟು ಒತ್ತಿ, ಶುಲ್ಕ ಹಾಕಿದರೆ ನೀರು ಬರುತ್ತಿತ್ತು.

ನೀರು ಬರುತ್ತಿತ್ತು ಅನ್ನುವುದು ಉದ್ಘಾಟನೆಯ ದಿನದ ಮಾತು. ಮರುದಿನ ಬೋರ್‌ವೆಲ್ ಕೈಕೊಟ್ಟಿತು. ಜಗದೇವಪ್ಪನವರು ಎದೆಗುಂದದೆ, ಸ್ಥಳೀಯ ಮಹಿಳೆಯರ ಸಬಲೀಕರಣಕ್ಕೆ ಇದೊಂದು ಅವಕಾಶವೆಂದು ತಿಳಿದು, ಬಂಡಮ್ಮನನ್ನು ಜಲ ಸರಬರಾಜು ಪಾಲುದಾರಳಾಗಿ ನೇಮಿಸಿದರು. ಅಂದಿನಿಂದ ಅವಳು ಅದೇ ಬಾವಿಯಿಂದ, ಅದೇ ಕೊಡದಲ್ಲಿ, ಅದೇ ನೀರನ್ನು ಸೇದಿ ತಂದು, ಏಣಿ ಹತ್ತಿ ಸ್ಟೀಲಿನ ಟ್ಯಾಂಕಿಗೆ ಹಾಕತೊಡಗಿದಳು. ಏಣಿಯೊಂದೇ ಹೊಸದು.

"ಇಷ್ಟ ದಿನ ಕೆಳಗ ಹಾಕ್ತಿದ್ದಿ, ಈಗ ಮ್ಯಾಲ ಹಾಕ್ತಿ," ಎಂದಳು ಮೆಹಬೂಬಿ. "ಪ್ರಮೋಷನ್ ಆತು ಬಿಡು ಬಂಡವ್ವಾ."

"ಹುಡುಗನ ನೌಕರಿ ಒಂದ ಹತ್ತಲಿ," ಎಂದಳು ಬಂಡಮ್ಮ.

ಆದರೆ ನೌಕರಿ ಹತ್ತಲಿಲ್ಲ. ಮರುಸಮೀಕ್ಷೆಯಲ್ಲಿ ಊರಿನ ನಾಲಿಗೆಗಳೆಲ್ಲ ಮತ್ತೆ ತಿಳಿಗುಲಾಬಿಗೆ ಬಂದಿದ್ದವು. ನಿಮ್ಮ ಕಾರ್ಯ ಸಂಪೂರ್ಣ ಯಶಸ್ವಿಯಾಗಿದೆ, ಅಭಿನಂದನೆಗಳು, ಇನ್ನು ಕಚೇರಿ ಮುಚ್ಚಬಹುದು ಎಂದು ಮುಂಬೈಯವರು ತಿಳಿಸಿದರು. ಸೇಡಂ ರಸ್ತೆಯ ಕಚೇರಿಯಲ್ಲಿ ಸತ್ತವರ ಮನೆಯ ಕಳೆ ಬಂತು. ಜಗದೇವಪ್ಪನವರು ಊಟ ಬಿಟ್ಟರು. "ನೀರಡಿಕಿನ ಪೂರಾ ಮುಗಿಸಿಬಿಟ್ರಲ್ಲೋ," ಎಂದು ಅಮೋಘಪ್ಪನ ಮುಂದೆ ಗದ್ಗದರಾದರು. "ಮುಂದಿನ ಪೀಳಿಗೆಗಿ ಏನ್ ಉಳಿಸಿದಿ?"

"ಸರ್, ಒಬ್ಬಾಕಿ ಉಳದಾಳ್ರಿ," ಎಂದ ಅಮೋಘಪ್ಪ. ಮಾತು ಹೊರಗೆ ಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ಸಂಗತಿ ಇಷ್ಟೇ. ಬಾವಿಯ ಹಗ್ಗ ಜಗ್ಗಿ ಜಗ್ಗಿ ಬಂಡಮ್ಮನ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಯಂತ್ರ ಅವಳನ್ನು ಗುರುತಿಸುತ್ತಿರಲಿಲ್ಲ. ಟ್ಯಾಂಕು ತುಂಬಿ ಕೆಳಗಿಳಿದು, ಬೆವರು ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದರೆ, "ಕ್ಷಮಿಸಿ, ನೀವು ಫಲಾನುಭವಿಯಲ್ಲ" ಎಂದು ಯಂತ್ರದೊಳಗಿನ ಹೆಂಗಸಿನ ದನಿ ಮರ್ಯಾದೆಯಿಂದ ಹೇಳುತ್ತಿತ್ತು. ಬಂಡಮ್ಮ ಅದಕ್ಕೇನೂ ಬೇಜಾರು ಮಾಡಿಕೊಂಡಿರಲಿಲ್ಲ, ಮನೆಗೆ ಹೋಗಿ ಕುಡಿಯುತ್ತಿದ್ದಳು.

ಜಗದೇವಪ್ಪನವರು ಎದ್ದು ನಿಂತು ಅಮೋಘಪ್ಪನನ್ನು ಅಪ್ಪಿಕೊಂಡರು. ಅದೇ ವಾರ ಸಂಸ್ಥೆಯು ಉಳಿಕೆ ನೀರಡಿಕೆ ಎಂಬ ಹೊಸ ಪರಿಕಲ್ಪನೆಯನ್ನು ಮಂಡಿಸಿತು. ಅದರ ಪ್ರಕಾರ ಯಾವುದೇ ಸುಸ್ಥಿರ ಯೋಜನೆಯು ಸಮಸ್ಯೆಯ ಒಂದು ಅಂಶವನ್ನು ಬೀಜದ ಕಾಳಿನ ಹಾಗೆ ತೆಗೆದಿರಿಸತಕ್ಕದ್ದು. ಕಮಲಾಪುರದ ಪಾಲಿಗೆ ಸದರಿ ಅಂಶವು ಶ್ರೀಮತಿ ಬಂಡಮ್ಮ ಎಂಬುವವರು. ಮುಂಬೈಯವರು ಬೆರಗಾದರು. ಎರಡನೇ ಹಂತಕ್ಕೆ ಮಂಜೂರಾತಿ ಸಿಕ್ಕಿತು. ಅಮೋಘಪ್ಪನಿಗೆ ಖಾಯಂ ಆದೇಶವೂ ಬಂತು, ಉಳಿಕೆ ನೀರಡಿಕೆ ಇರುವವರೆಗೆ ಮಾತ್ರ ಎಂಬ ಷರತ್ತಿನೊಂದಿಗೆ. ಹಣ ಬಿಡುಗಡೆಯ ಮೊದಲು ದಾನಿಗಳು ತಾವೇ ಬಂದು ಆ ನಾಲಿಗೆಯನ್ನು ನೋಡುವುದಾಗಿ ತಿಳಿಸಿದರು.

ದಾನಿಗಳು ಬರುವ ಹಿಂದಿನ ದಿನ ಅಮೋಘಪ್ಪ ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ಕೂತು ಚೀಲದ ಹಿಡಿಕೆ ತಿರುವತೊಡಗಿದ.

"ಹೇಳು," ಎಂದಳು ಬಂಡಮ್ಮ.

"ನಾಳಿ ಮುಂಜಾನಿಂದ ನೀರು ಕುಡ್ಯಂಗಿಲ್ಲ. ಅವರು ಬಂದು ಹೋಗೋತನ."

"ಮನ್ಯಾಗೂ?"

"ಮನ್ಯಾಗೂ. ನಾಲಿಗಿ ಗುಲಾಬಿ ಕಂಡ್ರ ನನ್ನ ಆದೇಶ ರದ್ದಾಗ್ತದ."

"ನೀರು ಸೇದಿ ಹಾಕೋದು?"

"ಅದು ಹಾಕಬೇಕಾಗ್ತದ. ಮಂದಿ ಕುಡ್ಯಾದು ಅವರಿಗೆ ಕಾಣಬೇಕಲ್ಲ."

ಬಂಡಮ್ಮ ನಾಳೆಯ ಕೊಡವನ್ನು ಬಾಗಿಲಿಗೆ ತಂದಿಟ್ಟಳು. "ಹೆಣ್ಣಿನ ಕಡೀವರು ಏನಂದ್ರು?" ಎಂದು ಕೇಳಿದಳು.

"ಹುಡುಗಿನ ಹೊರಗ ಕರದ್ರು, ದೊಡ್ಡವ್ವಾ."

"ಹಂಗಾದ್ರ ಆತು," ಎಂದಳು ಬಂಡಮ್ಮ.

ದಾನಿಗಳು ಬಂದರು. ಟೋಪಿ ಹಾಕಿಕೊಂಡ ಸಾಹೇಬರು, ಹತ್ತಿ ಸೀರೆಯ ಮೇಡಂ, ಫೋಟೊದವರು. ಟೊಂಗೆ ಇಲ್ಲದ ಗಿಡದ ಕೆಳಗೆ ಶಾಮಿಯಾನ ಹಾಕಿಸಲಾಗಿತ್ತು. ಮಂದಿ ಹೆಬ್ಬೆಟ್ಟು ಒತ್ತಿ ನೀರು ಕುಡಿದರು, ಚಪ್ಪಾಳೆ ಬಿತ್ತು. ಆಮೇಲೆ ಬಂಡಮ್ಮನನ್ನು ಕುರ್ಚಿಯ ಮೇಲೆ ಕೂರಿಸಲಾಯಿತು. ಮುಂಜಾನೆಯಿಂದ ಅವಳು ಟ್ಯಾಂಕು ತುಂಬಿದ್ದಳು. ಮೇಡಂ ಸ್ವತಃ ಕಾರ್ಡು ಹಿಡಿದರು. ಕೊನೆಯ ಪಟ್ಟಿ, ಬೂದಿಬಣ್ಣ. ಇದೇ ಆ ಉಳಿಕೆ ಎಂದು ಜಗದೇವಪ್ಪನವರು ಪರಿಚಯಿಸಿದರು.

ಮೇಡಂಗೆ ಕಣ್ಣಲ್ಲಿ ನೀರು ಬಂತು. ತಡೆಯಲಾಗದೆ ತಮ್ಮ ಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದರು.

"ಮೇಡಂ," ಎಂದರು ಜಗದೇವಪ್ಪನವರು, ಬಹಳ ನಮ್ರವಾಗಿ. "ಇವತ್ತು ನೀವು ಕುಡಿಸುತ್ತೀರಿ. ಆದರೆ ಅದು ಸುಸ್ಥಿರವೇ?"

ಮೇಡಂ ಯೋಚಿಸಿದರು. ಟೋಪಿ ಸಾಹೇಬರು ಹೌದೆಂಬಂತೆ ತಲೆಯಾಡಿಸಿದರು. ಶಾಮಿಯಾನದ ತುಂಬ ಇದ್ದ ಊರಿನವರೂ ತಲೆಯಾಡಿಸಿದರು, ಏಕೆಂದರೆ ಮಾತು ಸರಿಯಾಗಿಯೇ ಇತ್ತು. ಮೇಡಂ ಮುಚ್ಚಳ ಮತ್ತೆ ಬಿಗಿದು ಬಾಟಲಿಯನ್ನು ಚೀಲದೊಳಗೆ ಇಟ್ಟುಕೊಂಡರು. ಹಿಂದಿನಿಂದ ಮೆಹಬೂಬಿ ಎದ್ದು ನಿಂತು, ಮುಂದಿನ ತಿಂಗಳು ದಾನಿಗಳು ಬಂದರೆ ಬಂಡವ್ವನ ಬದಲಿಗೆ ತಾನು ಕುಂಡ್ರುವುದಾಗಿಯೂ, ಅವಳಿಗೆ ವಯಸ್ಸಾಗಿದೆಯೆಂದೂ ಹೇಳಿದಳು. ಅವಳ ಹಿಂದೆ ವಹಾಬನೂ, ಅವನ ಹಿಂದೆ ಹೊಟೇಲಿನವನೂ ಕೈ ಎತ್ತಿದರು. ಸಮುದಾಯದ ಇಂಥ ಸಹಭಾಗಿತ್ವವನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಸಾಹೇಬರು ಸಂತೋಷ ವ್ಯಕ್ತಪಡಿಸಿದರು.

ಫೋಟೊದವರು ಒಳ್ಳೆಯ ಬೆಳಕಿಗಾಗಿ ಕುರ್ಚಿಯನ್ನು ಬಿಸಿಲಿಗೆ ಎಳೆಸಿದರು. ಅಮೋಘಪ್ಪ ಹತ್ತಿರ ಹೋಗಿ ದೊಡ್ಡವ್ವನ ಸೆರಗು ಸರಿಮಾಡಿದ. ಅವಳ ತುಟಿಗಳು ಒಡೆದು ಅಂಟಿಕೊಂಡಿದ್ದವು. ಅವನ ಮುಖ ನೋಡಿ ಅವಳು ಏನೋ ಅಂದಳು, ದನಿ ಹೊರಡಲಿಲ್ಲ. ಅವನು ಬಾಗಿ ಕಿವಿ ಹತ್ತಿರ ತಂದ.

"ಬಿಸಲಾಗ ಅಡ್ಡಾಡಾಕತ್ತೀ ಮುಂಜಾನಿಂದ. ನೀ ನೀರು ಕುಡದಿ ಇಲ್ಲೋ?"

"ಕುಡದೀನಿ, ದೊಡ್ಡವ್ವಾ."

"ಛಲೋ ಆತು ತಗೋ," ಎಂದು ಬಂಡಮ್ಮ ಕ್ಯಾಮೆರಾದ ಕಡೆ ತಿರುಗಿ, ಫೋಟೊದವನು ಹೇಳಿದಂತೆ ನಾಲಿಗೆ ಚಾಚಿದಳು.